ಆಲ್ಬಂ

ಮುಂಬೈ ಪಕ್ಕದ ವಾಶಿಯ ಕನ್ನಡ ಮನೆಗಳಲ್ಲಿ ಆಲ್ಬಂ ಎಂದರೆ ಅಮ್ಮಂದಿರಿಗೆ ಬೀರುವಿನಲ್ಲಿರುವ ಮದುವೆ ಫೋಟೋಗಳ ದಪ್ಪ ಪುಸ್ತಕ. ಹಾರ್ಬರ್ ಲೈನ್ ಲೋಕಲ್‌ನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡ ಮಕ್ಕಳಿಗೆ ಹಾಡುಗಳ ಗೊಂಚಲು. ಲ್ಯಾಟಿನ್‌ನಲ್ಲಿ ‘ಆಲ್ಬಸ್’ ಎಂದರೆ ಬಿಳಿ. ರೋಮನ್ನರು ಸರ್ಕಾರಿ ಪ್ರಕಟಣೆ ಬರೆಯುತ್ತಿದ್ದ ಬಿಳಿ ಹಲಗೆಯೇ ಆಲ್ಬಂ. ಸಂಗೀತಕ್ಕೆ ಆ ಹೆಸರು ಬಂದದ್ದು ರಟ್ಟಿನ ದೆಸೆಯಿಂದ: ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಮೂರ್ನಾಲ್ಕು ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು, ಹಾಗಾಗಿ ಹಲವು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ಹೊದಿಕೆಯಲ್ಲಿ ಸೇರಿಸಿ ಮಾರುತ್ತಿದ್ದರು. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ಬಂದು ಎಲ್ಲ ಒಂದೇ ತಟ್ಟೆಗೆ ಇಳಿದರೂ ಹೆಸರು ಉಳಿಯಿತು. ನಮ್ಮ ‘ಧ್ವನಿಸುರುಳಿ’ಗೂ ಅದೇ ಅದೃಷ್ಟ, ಕ್ಯಾಸೆಟ್ಟು, ಪಾಪ, ಮೂಲೆ ಸೇರಿದರೂ ಹೆಸರು ಉಳಿಯಿತು. ಬೆಂಗಳೂರಿನ ಜಾನಪದ-ರಾಕ್ ತಂಡ ಸ್ವರಾತ್ಮ, 2012ರ ‘ಟೋಪಿವಾಲೆ’ಯಾದ ಆರು ವರ್ಷಕ್ಕೆ ‘ರಾಹ್-ಎ-ಫಕೀರಾ’ ತಂದಾಗಲೂ ಅದು ಆಲ್ಬಮ್ಮೇ.