ಮಂಡ್ಯ ಸೀಮೆಯ ಮಿದುಳು ಜ್ವರ
ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ, ಮದ್ದೂರು, ಮಳವಳ್ಳಿಯ ಭತ್ತದ ಗದ್ದೆಗಳಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹುಲುಸಾಗಿ ಬೆಳೆಯುತ್ತದೆ. ಬೆಳ್ಳಕ್ಕಿ, ಹಂದಿಗಳಲ್ಲಿರುವ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಅದೇ. ಈ ವೈರಸ್ ತರುವ ಮಿದುಳು ಜ್ವರದಿಂದ ಹೆಚ್ಚು ನರಳಿದವರು ಮಕ್ಕಳು. 1980ರ ದಶಕದಲ್ಲಿ ಸಂಶೋಧಕರು ಈ ಜಿಲ್ಲೆಯ ಹಂದಿಗಳ ರಕ್ತ ಪರೀಕ್ಷಿಸಿ ವೈರಸ್ಸಿನ ಜಾಡು ಹಿಡಿದರು.

ಜ್ವರ, ಫಿಟ್ಸ್, ಪ್ರಜ್ಞೆ ತಪ್ಪುವುದು: ಇಷ್ಟರಿಂದಲೇ ಯಾವ ವೈರಸ್ ಎಂದು ಹೇಳಲಾಗದು. ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಮಿದುಳಿಗೆ ತಗಲುವ ಇನ್ನೊಂದು ವೈರಸ್ ರೋಗವಾದ ರೇಬೀಸ್‌ನಲ್ಲಿ ನರಕೋಶದೊಳಗೆ ದುಂಡನೆಯ ಕೆಂಪು ‘ನೆಗ್ರಿ ಕಾಯ’ಗಳಿರುತ್ತವೆ. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಇವನ್ನು ವಿವರಿಸಿದರು. ಆದರೆ ಅವು ಕಾಣಲಿಲ್ಲವೆಂದು ರೇಬೀಸ್ ಅಲ್ಲ ಎನ್ನುವಂತಿಲ್ಲ. ಜಪಾನೀಸ್ ಎನ್‌ಸೆಫಲೈಟಿಸ್‌ನಲ್ಲಿ ಅಂಥ ಕಾಯಗಳೇ ಇಲ್ಲ. ಮಿದುಳಿನ ಆಳದ ಥಾಲಮಸ್‌ನಲ್ಲಿ, ಅದರ ಕೆಳಗಿನ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ, ಉಳಿಯಿಂದ ಕೊರೆದು ತೆಗೆದಂಥ ಪೇಲವ ಚುಕ್ಕೆಗಳು. ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳ ಮುತ್ತಿಗೆ.

ಈಗ ಬೆನ್ನಿನಿಂದ ತೆಗೆದ ಮಿದುಳುಬಳ್ಳಿ ದ್ರವದಲ್ಲಿ ಐಜಿಎಂ ಪ್ರತಿಕಾಯ ಹುಡುಕಿ, ರೋಗಿ ಬದುಕಿರುವಾಗಲೇ ಈ ರೋಗ ಗುರುತಿಸುತ್ತಾರೆ. ಆದರೂ ಆ ಚುಕ್ಕೆಗಳ ಪಾಠವನ್ನು ವೈದ್ಯಲೋಕ ಕಲಿತದ್ದು, ಅಗಲಿದವರ ಮಿದುಳನ್ನು ಪರೀಕ್ಷೆಗೆ ಒಪ್ಪಿಸಿದ ಕುಟುಂಬಗಳಿಂದ. ಬೆಂಗಳೂರಿನ ನಿಮ್ಹಾನ್ಸ್ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಾನವ ಮಿದುಳುಗಳನ್ನು ಹತ್ತಿರದಿಂದ ನೋಡಬಹುದು.

ಜಪಾನೀಸ್ ಎನ್‌ಸೆಫಲೈಟಿಸ್ ಇರುವ ಜಿಲ್ಲೆಗಳಲ್ಲಿ ಮಕ್ಕಳಿಗೆ 9 ತಿಂಗಳು ತುಂಬಿದಾಗ ಮೊದಲ ಲಸಿಕೆ, 16ರಿಂದ 24 ತಿಂಗಳೊಳಗೆ ಎರಡನೆಯದು.