ಮುಂಬಯಿಯ ಬಾಡಿಗೆ ನಿಯಂತ್ರಣ ಮತ್ತು ಒಳಬಾಡಿಗೆಯ ವ್ಯಾಜ್ಯಗಳು

ಬಾಡಿಗೆಗೆ ಹಿಡಿದ ಮನೆಯನ್ನು ಅಥವಾ ಅದರ ಒಂದು ಭಾಗವನ್ನು ಬಾಡಿಗೆದಾರನೇ ಮೂರನೆಯವರಿಗೆ ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಒಳಬಾಡಿಗೆ ಎಂದು ಹೆಸರು. ಭಾರತದ ಸಾಮಾನ್ಯ ಕಾನೂನಿನಲ್ಲಿ ಇದು ತಪ್ಪೇನೂ ಆಗಿರಲಿಲ್ಲ. ಕರಾರಿನಲ್ಲಿ ವಿರುದ್ಧ ಷರತ್ತು ಇಲ್ಲದಿದ್ದರೆ ಗೇಣಿದಾರನು ತನ್ನ ಹಕ್ಕನ್ನು ಪೂರ್ಣವಾಗಿಯೋ ಭಾಗಶಃವೋ ಒಳಗೇಣಿಗೆ ಕೊಡಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಹೇಳುತ್ತದೆ. ಸಾಮಾನ್ಯ ಕಾನೂನು ಒಪ್ಪಿದ ಈ ಹಕ್ಕು ಮನೆ ಖಾಲಿ ಮಾಡಿಸಲು ಕಾರಣವಾಗುವ ಅಕ್ರಮವಾಗಿ ಮಾರ್ಪಟ್ಟ ಬಗೆಯನ್ನು ಮುಂಬಯಿಯ ಬಾಡಿಗೆ ಕಾಯ್ದೆಗಳ ಚರಿತ್ರೆ ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಮನೆಗಳ ಅಭಾವ ಹೆಚ್ಚಿ ಬಾಡಿಗೆ ಏರತೊಡಗಿದಾಗ 1918ರಲ್ಲಿ ಮುಂಬಯಿಯಲ್ಲಿ ತಾತ್ಕಾಲಿಕ ಬಾಡಿಗೆ ನಿರ್ಬಂಧ ಕಾಯ್ದೆ ಬಂತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಂಥದೇ ಕ್ರಮಗಳು ಮರಳಿ ಜಾರಿಯಾದವು. ಇವೆಲ್ಲವನ್ನೂ ಒಂದು ನೆಲೆಗೆ ತಂದದ್ದು 1948ರ ಫೆಬ್ರವರಿ 13ರಂದು ಜಾರಿಗೆ ಬಂದ 1947ರ ಮುಂಬಯಿ ಬಾಡಿಗೆ ಕಾಯ್ದೆ. ಅದು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಆಧಾರವಾಗಿ ಹಿಡಿದು 'ಪ್ರಮಾಣಿತ ಬಾಡಿಗೆ'ಯನ್ನು, ಅಂದರೆ ಮಾಲೀಕನು ಮೀರಲಾಗದ ಮಿತಿಯನ್ನು, ನಿಗದಿಮಾಡಿತು. ಅದರ 15ನೆಯ ಕಲಮು ಒಳಬಾಡಿಗೆಯನ್ನು ನಿಷೇಧಿಸಿತು. 13ನೆಯ ಕಲಮು ಅದನ್ನು ತೆರವಿಗೆ ಸಾಕಷ್ಟು ಕಾರಣವೆಂದು ಮಾಡಿತು. ಈ ನಿಷೇಧಕ್ಕೆ ನ್ಯಾಯವಾದ ಕಾರಣವೂ ಇತ್ತು: ನಿಯಂತ್ರಿತ ಬಾಡಿಗೆಯ ಲಾಭ ವಾಸಿಸುವವನಿಗೆ ಸಲ್ಲಬೇಕೇ ಹೊರತು, ಮಾಲೀಕನಿಗೆ ಹತ್ತು ರೂಪಾಯಿ ಕೊಟ್ಟು ಒಳಗಿನವನಿಂದ ಐವತ್ತು ವಸೂಲು ಮಾಡುವ ಮಧ್ಯವರ್ತಿಗೆ ಅಲ್ಲ.

ಆದರೆ ಬಾಡಿಗೆಯನ್ನು ಕಟ್ಟಿಹಾಕಿದ್ದರಿಂದಲೇ ಬಾಡಿಗೆಯ ಹಕ್ಕಿಗೆ ಬೆಲೆ ಬಂತು. ಮನೆಯೊಳಗೆ ಬರಲು ಬಾಡಿಗೆಯ ಹೊರತಾಗಿ ಕೊಡುವ ದೊಡ್ಡ ಮೊತ್ತವಾದ 'ಪಗಡಿ' ಕಾಯ್ದೆಯ 18ನೆಯ ಕಲಮಿನ ನಿಷೇಧದ ನಡುವೆಯೂ ನಡೆಯಿತು. ಮಾಲೀಕನು ಎಲ್ಲವನ್ನೂ ಬಲ್ಲವನಾಗಿ, ಒಪ್ಪಿಯೂ ಇದ್ದು, ವರ್ಷಗಳ ನಂತರ ಒಳಬಾಡಿಗೆಯ ಆರೋಪ ಹೊರಿಸಿ ದಾವೆ ಹೂಡಿದರೆ ಏನಾಗಬೇಕು? ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 1959ರಲ್ಲಿ ಕೊಟ್ಟ ಉತ್ತರ ಕಠಿಣವಾಗಿತ್ತು: ನಿಷೇಧವು ಸಾರ್ವಜನಿಕ ನೀತಿಯ ಭಾಗವಾದ್ದರಿಂದ ಅದನ್ನು ಖಾಸಗಿ ಒಪ್ಪಂದದಿಂದ ಬಿಟ್ಟುಕೊಡಲಾಗದು, ಆದುದರಿಂದ ಮಾಲೀಕನ ಸಮ್ಮತಿಯೂ ಬಾಡಿಗೆದಾರನನ್ನು ಉಳಿಸದು.

ಅದೇ ವರ್ಷದ ಸುಗ್ರೀವಾಜ್ಞೆಯೊಂದು ಮೇ 21ರ ಮೊದಲು ಒಳಬಾಡಿಗೆ ಪಡೆದು ಸ್ವಾಧೀನದಲ್ಲಿದ್ದವರಿಗೆ ರಕ್ಷಣೆ ನೀಡಿತು. ನಿಷೇಧ ಮತ್ತು ಕ್ಷಮಾದಾನಗಳ ಸರಣಿಯ ಆರಂಭ ಇದೇ. ಆ ದಿನಾಂಕದ ನಂತರ 'ಬಾಡಿಗೆ' ಎಂಬ ಮಾತೇ ಕಾಗದಗಳಿಂದ ಮರೆಯಾಗಿ, ಆ ಜಾಗದಲ್ಲಿ 'ಲೀವ್ ಅಂಡ್ ಲೈಸೆನ್ಸ್' ಕರಾರುಗಳು ಬಂದವು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಲೈಸೆನ್ಸ್ ಎಂದರೆ ಇನ್ನೊಬ್ಬರ ಸ್ಥಳವನ್ನು ಬಳಸಲು ದೊರೆತ ಅನುಮತಿ ಮಾತ್ರ. ಅದರಿಂದ ಸ್ಥಳದಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ದಸ್ತಾವೇಜಿನ ಹೆಸರಿಗಿಂತ ಅದರ ತಿರುಳು ಮುಖ್ಯವೆಂದು ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1959ರಲ್ಲೇ ಹೇಳಿದ್ದರೂ, ತಿರುಳನ್ನು ಸಾಬೀತುಮಾಡುವ ಭಾರ ಸಾಮಾನ್ಯವಾಗಿ ಒಳಗಿದ್ದ ದುರ್ಬಲನ ಮೇಲೆಯೇ ಬೀಳುತ್ತಿತ್ತು.

1973ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ಕಾಯ್ದೆಗೆ 15ಎ ಕಲಮನ್ನು ಸೇರಿಸಿತು. ಆ ವರ್ಷದ ಫೆಬ್ರವರಿ 1ರಂದು ಊರ್ಜಿತವಾಗಿದ್ದ ಲೈಸೆನ್ಸ್ ಕರಾರಿನಡಿ, ಒಂದು ಕೋಣೆಗೆ ಕಡಿಮೆಯಿಲ್ಲದ ಜಾಗದಲ್ಲಿ ಇದ್ದವನನ್ನು ಮಾಲೀಕನ ಬಾಡಿಗೆದಾರನೆಂದೇ ಅದು ಪರಿಗಣಿಸಿತು. ಈ 'ಒಂದು ಕೋಣೆ' ಎಂಬ ಮಿತಿಯ ಪರಿಣಾಮ ಸಣ್ಣದಲ್ಲ: ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡು ವರ್ಷಗಟ್ಟಲೆ ಮಲಗಿದ ಕೂಲಿಕಾರನು ಎಷ್ಟೇ ಬಾಡಿಗೆ ತೆತ್ತಿದ್ದರೂ ಈ ರಕ್ಷಣೆಯ ಹೊರಗುಳಿದನು. ಪೇಯಿಂಗ್ ಗೆಸ್ಟ್‌ಗಳನ್ನೂ, ಇನ್ನೊಬ್ಬರ ಚಾಲ್ತಿ ವ್ಯಾಪಾರವನ್ನು ನಡೆಸಿಕೊಡುವವರನ್ನೂ ಕಾಯ್ದೆಯ ವ್ಯಾಖ್ಯೆಯೇ ಹೊರಗಿಟ್ಟಿತು. ಈ ಎರಡನೆಯ ಬಗೆಯ ವ್ಯವಸ್ಥೆಯನ್ನು ಮುಂಬಯಿಯ ಆಡುಮಾತಿನಲ್ಲಿ 'ಕಂಡಕ್ಟಿಂಗ್' ಎನ್ನುತ್ತಾರೆ. ಕರಾವಳಿ ಕರ್ನಾಟಕದಿಂದ ಹೋಗಿ ಅಲ್ಲಿ ಹೋಟೆಲು ನಡೆಸಿದ ಕನ್ನಡಿಗರಿಗೂ ತುಳುವರಿಗೂ ಇದು ಪರಿಚಿತ ಪದ. 1987ರ ತಿದ್ದುಪಡಿ ಒಳಬಾಡಿಗೆದಾರರ ಗಡಿದಿನವನ್ನೂ 1973ರ ಫೆಬ್ರವರಿ 1ಕ್ಕೆ ಸರಿಸಿತು. ಕಾನೂನು ಪಾಲಿಸಿ ಜಾಗ ಬಿಟ್ಟುಹೋದವನಿಗೆ ಏನೂ ದಕ್ಕದೆ, ಗಡಿದಿನದವರೆಗೆ ಪಟ್ಟುಹಿಡಿದು ಕುಳಿತವನಿಗೆ ಹಕ್ಕು ದಕ್ಕಿದ್ದು ಈ ಕ್ಷಮಾದಾನಗಳ ದೊಡ್ಡ ದೋಷ.

ಇಂಥ ದಾವೆಗಳಲ್ಲಿ ಒಳಬಾಡಿಗೆಗೆ ರಸೀದಿ ಇರುವುದು ಅಪರೂಪ. ಹಾಗಾಗಿ ಧೋಬಿ ತಲಾವಿನ ಲಘುವ್ಯಾಜ್ಯಗಳ ನ್ಯಾಯಾಲಯದಲ್ಲಿ ವಿಚಾರಣೆಯು ಬೀಗದ ಕೈ ಯಾರ ಬಳಿಯಿದೆ, ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿದೆ, ಪಡಿತರ ಚೀಟಿಯಲ್ಲಿ ಯಾವ ವಿಳಾಸವಿದೆ, ಅಂಗಡಿಯ ಬ್ಯಾಂಕ್ ಖಾತೆಯನ್ನು ಯಾರು ನಿರ್ವಹಿಸುತ್ತಾರೆ ಎಂಬ ಪ್ರಶ್ನೆಗಳ ಸುತ್ತ ನಡೆಯುತ್ತದೆ. ಮೂರನೆಯವನ ಪ್ರತ್ಯೇಕ ಸ್ವಾಧೀನವನ್ನು ಮಾಲೀಕನು ತೋರಿಸಿದರೆ, ಅದು ಹೇಗೆ ಬಂತೆಂದು ವಿವರಿಸುವ ಹೊಣೆ ಬಾಡಿಗೆದಾರನಿಗೆ ವರ್ಗವಾಗುತ್ತದೆ. ಗುಟ್ಟಾಗಿ ನಡೆಯುವ ಹಣದ ವ್ಯವಹಾರಕ್ಕೆ ನೇರ ಸಾಕ್ಷ್ಯ ಸಿಗುವುದು ಕಷ್ಟವೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಪ್ಪಿತು. ಬಾಡಿಗೆದಾರನು ಪಾಲುದಾರನನ್ನು ಸೇರಿಸಿಕೊಂಡು, ತಾನೂ ಲಾಭನಷ್ಟದಲ್ಲಿ ಭಾಗಿಯಾಗಿ ಕಾನೂನುಬದ್ಧ ಸ್ವಾಧೀನವನ್ನು ಉಳಿಸಿಕೊಂಡಿದ್ದರೆ ಅದು ಒಳಬಾಡಿಗೆಯಲ್ಲ. ಪಾಲುದಾರಿಕೆ ಬರಿಯ ಮುಸುಕಾಗಿದ್ದರೆ ನ್ಯಾಯಾಲಯ ಆ ಮುಸುಕನ್ನು ತೆಗೆದು ನೋಡುತ್ತದೆ.

ಕರ್ನಾಟಕದಲ್ಲಿಯೂ ಒಳಬಾಡಿಗೆಯ ಮೇಲಿನ ಈ ನಿರ್ಬಂಧ ಹೊಸದಲ್ಲ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಉತ್ತರದ ಜಿಲ್ಲೆಗಳು ಆ ರಾಜ್ಯದ ಬಾಡಿಗೆ ಕಾನೂನನ್ನೇ ಕಂಡಿದ್ದವು. 1961ರ ಕಾಯ್ದೆ ಏಕೀಕೃತ ರಾಜ್ಯಕ್ಕೆ ಒಂದೇ ಕಾನೂನು ತಂದು, ಅಕ್ರಮ ಒಳಬಾಡಿಗೆಯನ್ನು 21ನೆಯ ಕಲಮಿನಲ್ಲಿ ತೆರವಿನ ಕಾರಣಗಳ ಸಾಲಿಗೆ ಸೇರಿಸಿತು.

ದಶಕಗಳ ಹಿಂದಿನ ಮಟ್ಟಕ್ಕೆ ಬಾಡಿಗೆಯನ್ನು ಕಟ್ಟಿಹಾಕಿದ ಮುಂಬಯಿ ಕಾಯ್ದೆಯ ನಿಯಮಗಳು ಕಾಲಕ್ರಮದಲ್ಲಿ ಅಸಮಂಜಸವಾಗಿವೆಯೆಂದು ಸರ್ವೋಚ್ಚ ನ್ಯಾಯಾಲಯ 1997ರ ಡಿಸೆಂಬರಿನಲ್ಲಿ ಹೇಳಿತು. ಆ ಬಳಿಕ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದರ 56ನೆಯ ಕಲಮು ಪಗಡಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 16 ಮತ್ತು 26ನೆಯ ಕಲಮುಗಳು ಒಳಬಾಡಿಗೆಯ ಮೇಲಿನ ನಿರ್ಬಂಧವನ್ನು ಉಳಿಸಿಕೊಂಡವು. ಹಕ್ಕಿನ ವರ್ಗಾವಣೆಗೆ ಹಣ ಪಡೆಯುವುದು ಸಕ್ರಮವಾಗಿ, ಅನುಮತಿಯಿಲ್ಲದೆ ಕೋಣೆ ಹಂಚಿಕೊಳ್ಳುವುದು ಅಕ್ರಮವಾಗಿಯೇ ಉಳಿದದ್ದು, ಮನೆಯಿಲ್ಲದವನ ಅಗತ್ಯಕ್ಕಿಂತ ಹಕ್ಕುದಾರನ ಆಸ್ತಿಗೆ ಹೆಚ್ಚು ತೂಕ ಕೊಟ್ಟ ನಿರ್ಧಾರವೇ ಸರಿ.

ಈ ವ್ಯಾಜ್ಯಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಕೊಳ್ಳುವವನು ಒಳಗೆ ವಾಸವಾಗಿರುವ ಮೂರನೆಯವನು. ತೆರವಿನ ದಾವೆಯಲ್ಲಿ ಒಳಬಾಡಿಗೆದಾರನು ಅಗತ್ಯ ಕಕ್ಷಿದಾರನಲ್ಲ, ಮೂಲ ಬಾಡಿಗೆದಾರನ ವಿರುದ್ಧದ ಡಿಕ್ರಿ ಅವನನ್ನೂ ಕಟ್ಟಿಹಾಕುತ್ತದೆ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1964ರಲ್ಲೇ ಎತ್ತಿಹಿಡಿದಿದೆ. ಹಳೆಯ ಕಟ್ಟಡಗಳು ಪುನರ್‌ನಿರ್ಮಾಣವಾಗಿ ಅಧಿಕೃತ ಬಾಡಿಗೆದಾರನಿಗೆ ಸ್ವಂತ ಮನೆ ದೊರೆಯುವ ಇಂದಿನ ಮುಂಬಯಿಯಲ್ಲಿ, ತನ್ನ ಮಾತು ಹೇಳಲು ಅವಕಾಶವೇ ಇಲ್ಲದೆ ಹೊರಬೀಳುವವನ ನಷ್ಟ ಹಿಂದಿಗಿಂತ ಬಹಳ ದೊಡ್ಡದು. ವಾಸವಾಗಿರುವವನಿಗೆ ನೋಟಿಸು ಕೊಟ್ಟು ಅವನ ಅಹವಾಲು ಕೇಳುವುದನ್ನು ಬಾಡಿಗೆ ಕಾಯ್ದೆಯೇ ಕಡ್ಡಾಯಗೊಳಿಸಬೇಕು.