ಅಜ್ಜಿಯ ದನಿ ಎಲ್ಲಿ ಹೋಯ್ತು? - ಮುರಿದ ಕೊಂಡಿಗಳ ಹಿಂದಿನ ಕಥೆ

ಮೊನ್ನೆ ರಾತ್ರಿ ಚಿಕ್ಕಪ್ಪನ ಮಗ ಅಮೆರಿಕದಿಂದ ಫೋನ್ ಮಾಡಿದ್ದ. "ಅಣ್ಣಾ, ಅಜ್ಜಿ ಮಾತೇ ಆಡ್ತಿಲ್ಲ. ಸ್ಪೀಕರ್ ಚಿತ್ರ ಒತ್ತಿ ಒತ್ತಿ ಸಾಕಾಯ್ತು" ಅಂದ.

ಅಜ್ಜಿ ತೀರಿಕೊಂಡು ವರ್ಷಗಳೇ ಆದವು. ಅವನು ಹೇಳಿದ್ದು 2004ರಲ್ಲಿ ಅಜ್ಜಿಗೆ ಎಂಬತ್ತು ತುಂಬಿದಾಗ ನಾನು ಮಾಡಿದ್ದ ಪವರ್‌ಪಾಯಿಂಟ್ ಬಗ್ಗೆ. ಮನೆಮಂದಿಯೆಲ್ಲ ಫೋಟೋ ಹಾಕಿಕೊಳ್ಳಲಿ ಅಂತ ಕ್ಲೌಡ್‌ನಲ್ಲಿ ಒಂದು ಫೋಲ್ಡರ್ ಮಾಡಿಕೊಂಡಿದ್ದೇವೆ, ಅದರಲ್ಲಿ ಇದನ್ನೂ ಹಾಕಿದ್ದೆ. ಐದು ಸ್ಲೈಡುಗಳಲ್ಲಿ ಅಜ್ಜಿಯ ದನಿ ಇರಬೇಕಿತ್ತು. ತೆರೆದು ನೋಡಿದರೆ ಒಂದರಲ್ಲಿ ಮಾತ್ರ ಇದೆ, "ಶುರುವಾಯ್ತೇನೋ ಇದು?" ಅಂತ ಕೇಳುವ ಎಂಟು ಸೆಕೆಂಡಿನ ತುಣುಕು. ಮೂರು ಕಥೆ, ಒಂದು ಹಾಡು ಮಾಯ!

ಅದೊಂದೇ ಯಾಕೆ ಉಳಿಯಿತು ಅಂತ ಹುಡುಕಲು ಹೊರಟವನು ಇತಿಹಾಸದೊಳಗೆ ಸಿಕ್ಕಿಕೊಂಡೆ ನೋಡಿ.

ಫೈಲಿನ ವಿಳಾಸಕ್ಕೆ ಡ್ರೈವಿನ ಅಕ್ಷರ ಬರೆಯುವ ಪದ್ಧತಿಯನ್ನು ಚಿಕ್ಕ ಗಣಕಗಳಿಗೆ ತಂದದ್ದು ಗ್ಯಾರಿ ಕಿಲ್ಡಾಲ್ 1974ರಲ್ಲಿ ಬರೆದ ಸಿಪಿ/ಎಂ. 1981ರ ಡಾಸ್ ಅದನ್ನೇ ಎತ್ತಿಕೊಂಡಿತು, ಅಲ್ಲಿಂದ ವಿಂಡೋಸ್‌ಗೆ ಬಂತು. ಫ್ಲಾಪಿಗೆ ಎ, ಬಿ; ಹಾರ್ಡ್ ಡಿಸ್ಕಿಗೆ ಸಿ. ಒಬ್ಬನ ಮೇಜಿನ ಮೇಲೆ ಒಂದೇ ಯಂತ್ರ ಇರುವ ಕಾಲಕ್ಕೆ ಇದು ಸರಿಯೇ. ನಮ್ಮೂರಲ್ಲಿ "ಅರಳಿಕಟ್ಟೆ ಪಕ್ಕದ ಮನೆ" ಅಂದರೆ ಸಾಕಿತ್ತಲ್ಲ, ಹಾಗೆ. ಅದೇ ವಿಳಾಸವನ್ನು ಬೇರೆ ಊರಲ್ಲಿ ಕೇಳಿದರೆ?

ಪವರ್‌ಪಾಯಿಂಟ್ ಹುಟ್ಟಿದ್ದು ಮೈಕ್ರೋಸಾಫ್ಟ್‌ನಲ್ಲಲ್ಲ. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ಮಾಡಿದ್ದು. 1987ರಲ್ಲಿ ಮೊದಲು ಮ್ಯಾಕಿಂಟಾಷ್‌ಗೆ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡುಕೊಂಡಿತು. ವಿಂಡೋಸ್‌ಗೆ ಬಂದದ್ದು 1990ರಲ್ಲಿ. ಸುಮಾರು ಅದೇ ಹೊತ್ತಿಗೆ ಬಂತು ಓಎಲ್‌ಇ ಅನ್ನುವ ತಂತ್ರ. ಅದರ ಹೆಸರಿನಲ್ಲೇ ಎರಡು ದಾರಿ ಇವೆ: ಲಿಂಕಿಂಗ್, ಎಂಬೆಡಿಂಗ್. ಅಂದರೆ ಬೇರೆ ಫೈಲಿನ ವಿಳಾಸ ಬರೆದಿಟ್ಟುಕೊಳ್ಳುವುದು, ಇಲ್ಲವೇ ಅದನ್ನೇ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು.

ಡಿಸ್ಕು ದುಬಾರಿ, ಫ್ಲಾಪಿಯಲ್ಲಿ ಹಿಡಿಸುವುದೇ 1.44 ಎಂಬಿ. ಹಾಗಾಗಿ ವಿಳಾಸ ಬರೆದುಕೊಳ್ಳುವುದೇ ಜಾಣತನ ಅನಿಸಿದ್ದರಲ್ಲಿ ತಪ್ಪೇನಿಲ್ಲ. ಪವರ್‌ಪಾಯಿಂಟ್ 2003ರ ಆಯ್ಕೆಗಳಲ್ಲಿ ಒಂದು ಸಾಲು ಅಡಗಿ ಕೂತಿತ್ತು: 100 ಕೆಬಿಗಿಂತ ದೊಡ್ಡ ಶಬ್ದದ ಫೈಲಾದರೆ ಒಳಗೆ ಸೇರಿಸಬೇಡ, ಕೊಂಡಿ ಮಾತ್ರ ಹಾಕು ಅಂತ. ನಾನು ಅಜ್ಜಿಯ ಮಾತನ್ನು ವಿಂಡೋಸ್‌ನ ಸೌಂಡ್ ರೆಕಾರ್ಡರ್‌ನಲ್ಲಿ ಟೆಲಿಫೋನ್ ಕ್ವಾಲಿಟಿಯಲ್ಲಿ ಹಿಡಿದಿದ್ದೆ. ಅಂದರೆ ಸೆಕೆಂಡಿಗೆ ಸುಮಾರು 10 ಕೆಬಿ. ಎಂಟು ಸೆಕೆಂಡಿನದು ನೂರರ ಒಳಗೆ ಬಂತು, ಬಚಾವಾಯಿತು. ಕಥೆಗಳೆಲ್ಲ ಹೊರಗೆ! ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ಇದಕ್ಕೆ ಪರಿಹಾರ ಆಗ ಇರಲಿಲ್ಲವೆಂದಲ್ಲ. ಹಳೆಯ ಆವೃತ್ತಿಗಳಲ್ಲಿ ಪ್ಯಾಕ್ ಅಂಡ್ ಗೋ, 2003ರಲ್ಲಿ ಪ್ಯಾಕೇಜ್ ಫಾರ್ ಸಿಡಿ ಅಂತ ಇದ್ದವು. ಬೇಕಾದ ಫೈಲುಗಳನ್ನೆಲ್ಲ ಗಂಟು ಕಟ್ಟಿ ಕೊಡುತ್ತಿದ್ದವು. ನಾನು ಬಳಸಲಿಲ್ಲ, ಅಷ್ಟೆ. ಇನ್ನೊಂದು ಕಡೆ ಆಪಲ್‌ನವರು 1991ರಲ್ಲೇ ಸಿಸ್ಟಮ್ 7ರಲ್ಲಿ ಏಲಿಯಾಸ್ ತಂದಿದ್ದರು. ಮೂಲ ಫೈಲನ್ನು ಅದೇ ಡಿಸ್ಕಿನಲ್ಲಿ ಬೇರೆ ಫೋಲ್ಡರಿಗೆ ಸರಿಸಿದರೂ ಅದು ಹುಡುಕಿಕೊಳ್ಳುತ್ತಿತ್ತು, ಯಾಕಂದರೆ ಜಾಗದ ಜೊತೆಗೆ ಫೈಲಿನದೇ ಒಂದು ಗುರುತಿನ ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳುತ್ತಿತ್ತು.

ಆಮೇಲೆ ಕ್ಲೌಡ್ ಬಂತು. 2008ರಲ್ಲಿ ಡ್ರಾಪ್‌ಬಾಕ್ಸ್, 2012ರಲ್ಲಿ ಗೂಗಲ್ ಡ್ರೈವ್. ಇನ್ನು ಈ ರಗಳೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ನನ್ನ ಗಣಕದಲ್ಲಿ ಆ ಹಂಚಿಕೆಯ ಫೋಲ್ಡರ್ ಕೂತಿರುವುದು ಸಿ ಡ್ರೈವಿನ ಯೂಸರ್ಸ್ ಒಳಗೆ, ನನ್ನ ಹೆಸರಿನ ಕೆಳಗೆ. ತಮ್ಮನ ಗಣಕದಲ್ಲಿ ಅವನ ಹೆಸರಿನ ಕೆಳಗೆ. ಫೈಲು ಇಬ್ಬರ ಬಳಿಯೂ ಇದ್ದರೂ ನಾನು ಹಾಕಿದ ಎಕ್ಸೆಲ್ ಕೊಂಡಿ ಅವನ ಮನೆಯಲ್ಲಿ ನನ್ನ ಹೆಸರು ಹಿಡಿದು ಕೂಗುತ್ತಿರುತ್ತದೆ. ಬ್ರೌಸರಿನಲ್ಲಿ ತೆರೆದರಂತೂ ಸಿ ಡ್ರೈವೇ ಇಲ್ಲ. ಗೂಗಲ್ ಡ್ರೈವಿನ ವೆಬ್ ಕೊಂಡಿ ಪರವಾಗಿಲ್ಲ, ಅದು ಗುರುತಿನ ಸಂಖ್ಯೆಯ ಮೇಲೆ ನಡೆಯುವುದರಿಂದ ಫೋಲ್ಡರ್ ಬದಲಿಸಿದರೂ ಬದುಕುತ್ತದೆ. ಆದರೆ ಹಳೆಯದನ್ನು ಅಳಿಸಿ ಅದೇ ಹೆಸರಲ್ಲಿ ಹೊಸದನ್ನು ಹಾಕಿದಿರೋ, ಸಂಖ್ಯೆ ಬೇರೆ, ಕೊಂಡಿ ಸತ್ತಿತು. ಡ್ರಾಪ್‌ಬಾಕ್ಸ್ 2017ರಲ್ಲಿ ತನ್ನ ಪಬ್ಲಿಕ್ ಫೋಲ್ಡರನ್ನೇ ನಿಲ್ಲಿಸಿದಾಗ ಎಷ್ಟೋ ಪುಟಗಳ ಚಿತ್ರಗಳು ಒಟ್ಟಿಗೇ ಕಣ್ಮುಚ್ಚಿದವು.

ಸರಿ, ಅಜ್ಜಿಯ ವಿಷಯಕ್ಕೆ ಬರೋಣ. 2007ರಲ್ಲಿ ಆಫೀಸ್ ಫೈಲುಗಳ ರೂಪ ಬದಲಾಯಿತು. ಪಿಪಿಟಿಎಕ್ಸ್ ಅನ್ನುವುದು ನಿಜಕ್ಕೂ ಒಂದು ಜಿಪ್ ಗಂಟು. ಹಳೆಯ ಫೈಲನ್ನು ಹೊಸ ರೂಪದಲ್ಲಿ ಉಳಿಸಿ, ಅದರ ಒಂದು ಪ್ರತಿಯ ಕೊನೆಯಲ್ಲಿ ಜಿಪ್ ಅಂತ ಹೆಸರು ಬದಲಿಸಿ ಬಿಚ್ಚಿದೆ. ಒಳಗೆ ಸ್ಲೈಡ್ಸ್ ಫೋಲ್ಡರಿನಲ್ಲಿ ರೆಲ್ಸ್ ಅಂತ ಇನ್ನೊಂದು ಫೋಲ್ಡರ್. ಅದರಲ್ಲಿ ಪ್ರತಿ ಸ್ಲೈಡಿಗೂ ಒಂದು ಪಟ್ಟಿ, ಯಾವ ಕೊಂಡಿ ಎಲ್ಲಿಗೆ ಅಂತ. ನೋಟ್‌ಪ್ಯಾಡಿನಲ್ಲಿ ತೆರೆದರೆ ನನ್ನ 2004ರ ಡಿ ಡ್ರೈವಿನ ವಿಳಾಸಗಳು, ನಾನೇ ಮರೆತಿದ್ದ ಫೈಲಿನ ಹೆಸರುಗಳು! ಆ ಗಣಕ ಗುಜರಿಗೆ ಹೋಗಿ ಕಾಲವಾಯಿತು.

ಹೆಸರು ಸಿಕ್ಕ ಮೇಲೆ ಹುಡುಕುವುದು ಸುಲಭ. ಚಿಕ್ಕಪ್ಪನ ಟ್ರಂಕಿನಲ್ಲಿದ್ದ ಹಳೆಯ ಸಿಡಿಗಳಲ್ಲಿ ಒಂದರಲ್ಲಿ ಮೂರು ಕಥೆಗಳೂ ಸಿಕ್ಕವು. ಈ ಸಲ ಕೊಂಡಿ ಹಾಕಲಿಲ್ಲ, ಒಳಗೇ ಸೇರಿಸಿದೆ (2010ರ ಆವೃತ್ತಿಯಿಂದೀಚೆಗೆ ಶಬ್ದ, ವಿಡಿಯೋಗಳನ್ನು ಒಳಗೆ ಇಡುವುದೇ ರೂಢಿ). ನಿಮ್ಮಲ್ಲೂ ಇಂಥದ್ದಿದ್ದರೆ, ಪವರ್‌ಪಾಯಿಂಟಿನ ಫೈಲ್ ಮೆನುವಿನಲ್ಲಿ ಇನ್ಫೋ ಒತ್ತಿ, ಎಡಿಟ್ ಲಿಂಕ್ಸ್ ಟು ಫೈಲ್ಸ್ ಕಾಣುತ್ತದೆಯೇ ನೋಡಿ. ಕಂಡರೆ ಏನೋ ಹೊರಗಿದೆ ಎಂದೇ ಅರ್ಥ. ಮೂಲ ಫೈಲುಗಳು ಕೈಯಲ್ಲಿರುವಾಗಲೇ ಕೂತು ಒಳಗೆ ಹಾಕಿಬಿಡಿ.

ತಮ್ಮ ನಿನ್ನೆ ಮೂರೂ ಕಥೆ ಕೇಳಿ ಮತ್ತೆ ಫೋನ್ ಮಾಡಿದ್ದ. "ಹಾಡು?" ಅಂದ.

ಅದು ಆ ಸಿಡಿಯಲ್ಲಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಹಾಡು-ಕೊನೆಯದು ಅಂತ. ಅತ್ತೆಯ ಮನೆ ಅಟ್ಟದಲ್ಲಿ ಇನ್ನೊಂದು ಡಬ್ಬ ಸಿಡಿ ಇದೆಯಂತೆ, ಹಬ್ಬಕ್ಕೆ ಹೋದಾಗ ನೋಡಬೇಕು.